ಸೈನ್ಯ ಬಿಟ್ಟುಹೋದ ರನ್‌ವೇ



ವಿಜಯವಾಡಕ್ಕೆ ವಿಮಾನದಲ್ಲಿ ಹೋದವರಿಗೆ ಗೊತ್ತಿರುತ್ತದೆ. ಟಿಕೆಟ್‌ನಲ್ಲಿ ವಿಜಯವಾಡ ಎಂದಿದ್ದರೂ ಇಳಿಯುವುದು ಗನ್ನವರಂನಲ್ಲಿ. ಕನಕದುರ್ಗಮ್ಮನ ಬೆಟ್ಟ ಮುಟ್ಟಲು ಅಲ್ಲಿಂದ ಮತ್ತೆ ಸುಮಾರು 20 ಕಿಲೋಮೀಟರ್ ರಸ್ತೆ ಪ್ರಯಾಣ. ಇಷ್ಟು ದೂರ ಯಾಕೆ ಅಂತೀರಾ? ಅದು ಮೊದಲು ಪ್ರಯಾಣಿಕರ ನಿಲ್ದಾಣವೇ ಆಗಿರಲಿಲ್ಲ, ಸೈನ್ಯದ ನೆಲೆಯಾಗಿತ್ತು!

ಅದು ಎರಡನೇ ಮಹಾಯುದ್ಧದ ಕಾಲ. 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣ ಬಂದರಿನ ಮೇಲೂ ಕಾಕಿನಾಡದ ಮೇಲೂ ಬಾಂಬ್ ಹಾಕಿದವು. ಯುದ್ಧ ನಮ್ಮ ಪೂರ್ವ ಕರಾವಳಿಯ ಬಾಗಿಲಿಗೇ ಬಂದಿತ್ತು. ಆ ದಿನಗಳಲ್ಲಿ ಸೈನ್ಯ ಬಳಸಿದ ಗನ್ನವರಂ, ನಂತರ ನಾಗರಿಕ ವಿಮಾನಗಳ ಪಾಲಾಯಿತು.

ಆದರೆ ರನ್‌ವೇ ಇದ್ದ ಮಾತ್ರಕ್ಕೆ ಊರಿಗೆ ವಿಮಾನ ಬಂದೀತೇ? ಬಸ್ಸೇ ಬಾರದ ಬಸ್ ನಿಲ್ದಾಣದಂತೆ ಅದು. ದೊಡ್ಡ ವಿಮಾನ ತುಂಬುವಷ್ಟು ಜನ ಇಂಥ ಊರುಗಳಲ್ಲಿ ಸಿಗುತ್ತಿರಲಿಲ್ಲ. ಉಪಾಯ ಹುಡುಕಿದವರು ನಮ್ಮ ಹಾಸನ ಜಿಲ್ಲೆಯ ಗೊರೂರಿನವರು, ಸೈನ್ಯ ಬಿಟ್ಟು ಬಂದ ಕ್ಯಾಪ್ಟನ್ ಗೋಪಿನಾಥ್. ಅವರ ಏರ್ ಡೆಕ್ಕನ್ 2003ರಲ್ಲಿ 48 ಸೀಟಿನ ಎಟಿಆರ್ ವಿಮಾನಗಳನ್ನು ಹಾರಿಸಿತು. ಪ್ರೊಪೆಲರ್‌ನ ಈ ಪುಟ್ಟ ವಿಮಾನಕ್ಕೆ ಗಿಡ್ಡ ರನ್‌ವೇ ಸಾಕು, ಇಂಧನದ ಖರ್ಚೂ ಕಡಿಮೆ. ಆಗಸ್ಟ್‌ನಲ್ಲಿ ಹುಬ್ಬಳ್ಳಿ, ಸೆಪ್ಟೆಂಬರ್‌ನಲ್ಲಿ ಹೈದರಾಬಾದ್‌ನಿಂದ ವಿಜಯವಾಡ! 2014ರಲ್ಲಿ ರಾಜ್ಯ ಇಬ್ಭಾಗವಾಗಿ, ಪಕ್ಕದ ಅಮರಾವತಿ ರಾಜಧಾನಿಯೆಂದು ಗೊತ್ತಾದ ಮೇಲಂತೂ ಗನ್ನವರಂನ ದೆಸೆಯೇ ತಿರುಗಿತು. 2,286 ಮೀಟರ್ ಇದ್ದ ರನ್‌ವೇ 3,360 ಮೀಟರ್‌ಗೆ ಬೆಳೆಯಿತು. 2018ರ ಡಿಸೆಂಬರ್‌ನಲ್ಲಿ ಸಿಂಗಪುರಕ್ಕೆ ವಿಮಾನವೂ ಹೊರಟಿತು.

ವಿಶಾಖಪಟ್ಟಣದ ಕಥೆ ಬೇರೆ. ಅಲ್ಲಿ ನೌಕಾಪಡೆ ಜಾಗ ಬಿಟ್ಟುಕೊಡಲಿಲ್ಲ. ರನ್‌ವೇ ಐಎನ್‌ಎಸ್ ಡೇಗಾ ನೆಲೆಯದು. ಪ್ರಯಾಣಿಕರಿಗೆ ಸಿಕ್ಕಿದ್ದು ಅದರ ಪಕ್ಕದ ಟರ್ಮಿನಲ್ ಮಾತ್ರ. ಒಂದು ಥರ ಬಾಡಿಗೆದಾರನ ಸ್ಥಿತಿ ಎನ್ನಿ. ನೌಕಾಪಡೆಯ ಹಾರಾಟ ತರಬೇತಿಯ ಹೊತ್ತಿನಲ್ಲಿ ನಾಗರಿಕ ವಿಮಾನಗಳು ಕಾಯಬೇಕು. ಹೊಸ ವಿಮಾನ ತರೋಣವೆಂದರೆ ಬೇಕಾದ ವೇಳೆ ಸಿಗದು. ದೇಶದ ರಕ್ಷಣೆಯ ಕೆಲಸ, ತಪ್ಪೆನ್ನುವಂತಿಲ್ಲ. ಹಾಗಾಗಿ ನಾಗರಿಕರಿಗೆಂದೇ ಭೋಗಾಪುರಂನಲ್ಲಿ ಬೇರೆ ನಿಲ್ದಾಣಕ್ಕೆ 2023ರ ಮೇ 3ರಂದು ಶಂಕುಸ್ಥಾಪನೆಯಾಯಿತು.

ನಮ್ಮ ಬೀದರ್‌ನವರಿಗೆ ಈ ಎರಡೂ ಕಷ್ಟಗಳ ಪರಿಚಯವಿದೆ. ಅಲ್ಲಿಯೂ ರನ್‌ವೇ ವಾಯುಪಡೆಯದು. 2020ರ ಫೆಬ್ರವರಿಯಲ್ಲಿ ಶುರುವಾದ ಬೆಂಗಳೂರು ವಿಮಾನ ಒಂದಕ್ಕಿಂತ ಹೆಚ್ಚು ಸಲ ನಿಂತುಹೋಗಿ ಮತ್ತೆ ಶುರುವಾಗಿದೆ.

ಆದ್ದರಿಂದ, ನಮ್ಮೂರಿಗೂ ವಿಮಾನ ಬರುತ್ತದೆ ಎಂಬ ಸುದ್ದಿ ಕೇಳಿದಾಗ ಸಂತೋಷಪಡಿ. ಜೊತೆಗೆ ಎರಡು ಪ್ರಶ್ನೆಗಳನ್ನೂ ಕೇಳಿ: ರನ್‌ವೇ ಯಾರದು? ಉದ್ಘಾಟನೆಯ ಹಾರ ತುರಾಯಿ ಬಾಡಿದ ಮೇಲೂ ದಿನಾ ಹಾರುವವರು ಯಾರು?