ದುರ್ಗದ ಏರಿನಲ್ಲಿ ಉಸಿರಿನ ಜಮಾಖರ್ಚು

ದೇವರಾಯನದುರ್ಗದಲ್ಲಿ ಕೆಳಗೆ ಭೋಗಾನರಸಿಂಹ, ಮೇಲೆ ಯೋಗಾನರಸಿಂಹ. ನಡುವಿನ ಏರುರಸ್ತೆಯೋ, ಓಡುವವನ ಭೋಗವನ್ನೆಲ್ಲ ಇಳಿಸಿಯೇ ಮೇಲೆ ಕಳಿಸುತ್ತದೆ!

ಬೆಳಗಿನ ಹೊತ್ತು ಏರಿನಲ್ಲಿ ಓಡುವುದು ಕೆಲವರಿಗೆ ಹವ್ಯಾಸ. ಸಮವಸ್ತ್ರದ ಕೆಲಸಕ್ಕೆ ಕಣ್ಣಿಟ್ಟ ಹುಡುಗರಿಗೆ ಹಾಗಲ್ಲ, ಅದು ಅನ್ನದ ಪ್ರಶ್ನೆ. ಪೊಲೀಸ್ ಕಾನ್‌ಸ್ಟೆಬಲ್ ಆಯ್ಕೆಯಲ್ಲಿ ಗಂಡಸರು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ನಾಲ್ಕು ಸೆಕೆಂಡು ತಡವಾದರೆ ಮನೆಗೆ ಬಸ್ಸು.

ಲೆಕ್ಕ ಹೀಗಿದೆ ಸ್ವಾಮಿ. ಸಮತಟ್ಟಾದ ದಾರಿಯಲ್ಲಿ 60 ಕಿಲೋ ತೂಕದ ಆಳು ಒಂದು ಕಿಲೋಮೀಟರ್ ಓಡಿದರೆ ಸುಮಾರು 60 ಕ್ಯಾಲೊರಿ ಖರ್ಚು. ನಿಧಾನ ಓಡಿದರೂ, ಜೋರು ಓಡಿದರೂ ಹೆಚ್ಚುಕಮ್ಮಿ ಅಷ್ಟೇ. ಹತ್ತಡಿಗೆ ಒಂದಡಿ ಏರುವ ಕಡೆ ಅದು ಒಂದೂವರೆ ಪಟ್ಟು ದಾಟುತ್ತದೆ. ಏರಿನ ಸುಂಕದಲ್ಲಿ ರಿಯಾಯಿತಿ ಇಲ್ಲ. ದುಂದುವೆಚ್ಚ ಮಾತ್ರ ತಗ್ಗಿಸಬಹುದು.

ಮೊದಲ ದುಂದು, ಉದ್ದುದ್ದ ಹೆಜ್ಜೆ. ಪಾದ ಮೈಗಿಂತ ಬಹಳ ಮುಂದೆ ಹೋಗಿ ಬಿದ್ದರೆ, ಬ್ರೇಕ್ ಒತ್ತಿಕೊಂಡೇ ಬಸ್ಸು ಓಡಿಸಿದ ಹಾಗೆ. ಹಾಗಂತ ಗಿಡ್ಡ ಹೆಜ್ಜೆಯನ್ನು ಬಲವಂತವಾಗಿ ಕಲಿಯಬೇಕಿಲ್ಲ. ಪಳಗಿದ ಓಟಗಾರನಿಗೆ ತಾನಾಗಿ ಕೂಡಿಬಂದ ಹೆಜ್ಜೆಯೇ ಹೆಚ್ಚುಕಮ್ಮಿ ಅಗ್ಗದ್ದು ಎಂದು ಅಮೆರಿಕದ ಕ್ಯಾವನಾ ಮತ್ತು ವಿಲಿಯಮ್ಸ್ 1982ರಲ್ಲೇ ಅಳೆದು ತೋರಿಸಿದ್ದಾರೆ.

ಇನ್ನು ಕೈ. ಓಡುವಾಗ ಕೈಗೇನು ಕೆಲಸ ಅಂತೀರಾ? ಅರೆಲಾನೋ ಮತ್ತು ಕ್ರಾಮ್ 2014ರಲ್ಲಿ ಪರೀಕ್ಷಿಸಿದರು. ಕೈ ಬೀಸದೆ ಬೆನ್ನ ಹಿಂದೆ ಕಟ್ಟಿಕೊಂಡರೆ ಖರ್ಚು ನೂರಕ್ಕೆ 3 ಹೆಚ್ಚು, ತಲೆಯ ಮೇಲಿಟ್ಟರೆ 13. ತೋಳು ಸಡಿಲ ಬಿಟ್ಟು ಬೀಸುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಬೂಟಿನ ವಿಷಯ ಅಂಗಡಿಯವರಿಗೆ ರುಚಿಸಲಿಕ್ಕಿಲ್ಲ. ಒಂದೊಂದು ಬೂಟಿಗೆ 100 ಗ್ರಾಂ ಕೂಡಿದರೆ ಖರ್ಚು ಸುಮಾರು ನೂರಕ್ಕೆ ಒಂದು ಏರುತ್ತದೆ. ಹಾಗಾದರೆ ಬರಿಗಾಲೇ ಲಾಭವೋ? ಅದೂ ಇಲ್ಲ. ಮೆತ್ತೆಯ ಕೆಲಸವನ್ನು ಆಗ ಕಾಲಿನ ಸ್ನಾಯುವೇ ಮಾಡಬೇಕು. 1960ರ ರೋಮ್ ಮ್ಯಾರಥಾನನ್ನು ಅಬೆಬೆ ಬಿಕಿಲಾ ಬರಿಗಾಲಲ್ಲೇ ಗೆದ್ದದ್ದು ನಿಜ; 1964ರಲ್ಲಿ ಟೋಕಿಯೋದಲ್ಲಿ ಬೂಟು ತೊಟ್ಟೂ ಗೆದ್ದ. ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ 1920ರಲ್ಲೇ ಆಂಟ್ವರ್ಪ್ ಒಲಿಂಪಿಕ್ಸಿನ 42.75 ಕಿಲೋಮೀಟರ್ ಮ್ಯಾರಥಾನನ್ನು 2 ಗಂಟೆ 50 ನಿಮಿಷದಲ್ಲಿ ಓಡಿ 19ನೆಯವರಾಗಿದ್ದರು. ಈ ಹೆಸರು ನಮ್ಮ ಎಷ್ಟು ಹುಡುಗರಿಗೆ ಗೊತ್ತು?

ದುರ್ಗ ಹತ್ತಿದವರು ಇಳಿಯಲೂ ಬೇಕಲ್ಲ. ಇಳಿಜಾರಲ್ಲಿ ಉಸಿರು ಅಗ್ಗ, ತೊಡೆ ದುಬಾರಿ. ಮೈಯನ್ನು ತಡೆತಡೆದು ಇಳಿಸುವ ತೊಡೆಯ ಸ್ನಾಯು ಅವತ್ತು ಸುಮ್ಮನಿದ್ದು, ಎರಡನೇ ದಿನ ನೋಯುತ್ತದೆ. ಮೈದಾನದ ಪರೀಕ್ಷೆ ಸೋಮವಾರ ಇದ್ದರೆ, ಶನಿವಾರ ದುರ್ಗದಿಂದ ದಡದಡ ಇಳಿದವನಿಗೆ ಬಸ್ಸಿನ ಮೆಟ್ಟಿಲು ಇಳಿಯುವುದೂ ಕಷ್ಟ.