ರೆಕ್ಕೆ ಬಂದ ಡಬಲ್ ಡೆಕ್ಕರ್, ಮೀನು ಧಕ್ಕೆಯ ಗ್ಯಾಲರಿ

ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಅಂದರೆ ಬರೀ ಗಾಜಿನ ಕಟ್ಟಡಗಳು. ಬ್ಯಾಂಕು, ವಜ್ರದ ವಹಿವಾಟು, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು ಓಡುವ ಜನ. ಇಲ್ಲಿನ ಮೇಕರ್ ಮ್ಯಾಕ್ಸಿಟಿಯ ಅಂಗಳಕ್ಕೆ 2012ರಲ್ಲಿ ಒಂದು ಕೆಂಪು ಡಬಲ್ ಡೆಕ್ಕರ್ ಬಸ್ಸು ಬಂದು ನಿಂತಿತು. ಅದರ ಎರಡೂ ಪಕ್ಕೆಗೆ ಸ್ಟೇನ್‌ಲೆಸ್ ಸ್ಟೀಲಿನ ದೊಡ್ಡ ರೆಕ್ಕೆ. ಒಳಗೆ ಸೀಟಿನ ಬದಲು ಕಲಾಕೃತಿಗಳನ್ನು ಇಡಲು ಜಾಗ. ಸಂಜೆ ಆರರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಯಾವ ಮುಂಬೈಕರನಿಗೂ ಈ ಕೃತಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹಾರಿ ಹೋಗಬಾರದೇ ಅಂತ ಅವನೂ ಅಂದುಕೊಳ್ಳುತ್ತಿರುತ್ತಾನೆ.

ಈ 'ಫ್ಲೈಯಿಂಗ್ ಬಸ್' ಮಾಡಿದವರು ಸುದರ್ಶನ್ ಶೆಟ್ಟಿ. 1961ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಮನೆಯವರ ಜೊತೆ ಮುಂಬೈ ಸೇರಿದವರು. ತಂದೆ ಯಕ್ಷಗಾನ ಕಲಾವಿದರು. ಜೆ.ಜೆ. ಕಲಾಶಾಲೆಯಲ್ಲಿ ಶೆಟ್ಟರು ಕಲಿತದ್ದು ಚಿತ್ರಕಲೆ, ಕೈ ಹತ್ತಿದ್ದು ವಸ್ತುಗಳು. ಯಕ್ಷಗಾನದ ರಂಗದ ಮೇಲಿರುವ ಒಂದೇ ಒಂದು ಮರದ ಪೀಠ ಗಳಿಗೆಗೊಮ್ಮೆ ರಥವಾಗುತ್ತದೆ, ಸಿಂಹಾಸನವಾಗುತ್ತದೆ. ಅದನ್ನು ನೋಡಿ ಬೆಳೆದ ಮನೆಯವರಿಗೆ ಬಸ್ಸು ಹಕ್ಕಿಯಾಗುವುದು ದೊಡ್ಡ ಮಾತಲ್ಲ ಎಂಬುದು ನನ್ನ ಊಹೆ, ಅವರು ಹೇಳಿದ್ದಲ್ಲ. 2006ರ 'ಲವ್' ಪ್ರದರ್ಶನದಲ್ಲಿ ಅವರು ಲೋಹದ ಡೈನೊಸಾರ್ ಅಸ್ಥಿಪಂಜರವೊಂದನ್ನು ಜಾಗ್ವಾರ್ ಕಾರಿನ ಮೇಲೇರಿಸಿ, ಮೋಟಾರಿನಿಂದ ಅಲುಗಾಡಿಸಿ, ಮರ್ಯಾದಸ್ಥರ ಮುಖ ಕೆಂಪಾಗಿಸಿದ್ದರು. ನನಗೆ ಅದಕ್ಕಿಂತ ಇಷ್ಟವಾಗುವುದು ಅವರ ಒಡೆದ ಪಿಂಗಾಣಿ ಸಾಮಾನುಗಳು. ಚೂರಾದ ಕಪ್ಪು-ಬಸಿಗಳಲ್ಲಿ ಕಳೆದುಹೋದ ಭಾಗವನ್ನು ಮರದಲ್ಲಿ ಕೆತ್ತಿ ಕೂಡಿಸಿರುತ್ತಾರೆ. ಅಂಚಿಗೆ ಅಂಚು ಸರಿಯಾಗಿ ಕೂತಿರುತ್ತದೆ, ಆದರೆ ಕಪ್ಪು ಒಡೆದದ್ದೇ ಎಂಬುದನ್ನು ಆ ಮರದ ಬಣ್ಣ ಮುಚ್ಚಿಡುವುದಿಲ್ಲ. 2016ರಲ್ಲಿ ಕೊಚ್ಚಿ-ಮುಜಿರಿಸ್ ಬಿಯೆನಾಲೆಗೆ ಕ್ಯುರೇಟರ್ ಆದವರೂ ಇವರೇ. ಅಂದಹಾಗೆ, 1937ರಿಂದ ಮುಂಬೈಯಲ್ಲಿ ಓಡುತ್ತಿದ್ದ ಡಬಲ್ ಡೆಕ್ಕರ್‌ಗಳಲ್ಲಿ ಹಳೆಯ ಡೀಸೆಲ್ ಮಾದರಿಯ ಕೊನೆಯ ಬಸ್ಸು 2023ರ ಸೆಪ್ಟೆಂಬರ್ 15ರಂದು ತನ್ನ ಕೊನೆಯ ಟ್ರಿಪ್ ಮುಗಿಸಿತು.

ಮುಂಬೈಯಲ್ಲಿ ಖಾಲಿ ಜಾಗ ಎಂಬುದಿಲ್ಲ. ಇಲ್ಲಿನ ಕಲೆ ಬೇರೆ ಯಾವುದೋ ಕೆಲಸಕ್ಕೆ ಬರುವ ಜಾಗದಲ್ಲೇ ಹೇಗೋ ನುಸುಳಿಕೊಳ್ಳಬೇಕು. ಈ ನುಸುಳುವಿಕೆಯೇ ಅದನ್ನು ಚುರುಕಾಗಿಸಿದೆ ಎಂದು ನನಗನ್ನಿಸುತ್ತದೆ. ವಿಶಾಲವಾದ ಬಿಳಿ ಗೋಡೆ, ತಣ್ಣನೆಯ ಎ.ಸಿ. ಸಿಕ್ಕ ಕಡೆ ಇದೇ ಊರಿನ ಕಲೆ ಎಷ್ಟೋ ಸಲ ತೂಕಡಿಸಿದೆ.

ಘಾಟ್ಕೋಪರ್‌ನ ಕಲಾವಿದ ಅತುಲ್ ದೋಡಿಯಾ ಅವರನ್ನೇ ತೆಗೆದುಕೊಳ್ಳಿ. ಅವರು ಹಿಡಿದದ್ದು ಅಂಗಡಿಯ ಷಟರ್. 1992-93ರ ಗಲಭೆಯ ದಿನಗಳಲ್ಲಿ ಧಡಾರನೆ ಕೆಳಗಿಳಿದ ಷಟರ್‌ಗಳ ಸದ್ದು ಈ ನಗರದ ಕಿವಿಯಲ್ಲಿ ಇನ್ನೂ ಇದೆ. ಕಬ್ಬಿಣದ ಆ ಮಡಿಕೆಗಳ ಮೇಲೆ ಒಂದು ಚಿತ್ರ, ಷಟರ್ ಎತ್ತಿದರೆ ಹಿಂದೆ ಇನ್ನೊಂದು. 2001ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ತನಕ ಹೋಗಿಬಂದ ಈ ಷಟರ್ ಸರಣಿಯಲ್ಲಿ ನನ್ನನ್ನು ಕಾಡುವುದು 2002ರ 'ಮಹಾಲಕ್ಷ್ಮಿ'. ಹೊರಗಡೆ, ನಮ್ಮೆಲ್ಲರ ಮನೆಯ ಗೋಡೆಯಲ್ಲಿರುವಂಥದೇ ಲಕ್ಷ್ಮಿ. ಅಂಗಡಿಯವನು ಬೆಳಿಗ್ಗೆ ಬಾಗಿಲು ತೆರೆಯುವಾಗ ಕೈಮುಗಿಯಬಹುದಾದ ಚಿತ್ರ. ಷಟರ್ ಮೇಲೆ ಸರಿದರೆ ಒಳಗೆ, ವರದಕ್ಷಿಣೆಯ ಚಿಂತೆಗೆ ನೇಣು ಹಾಕಿಕೊಂಡ ಮೂವರು ಅಕ್ಕತಂಗಿಯರು. ಅಷ್ಟೇ. ಮದುವೆ ಮಾತುಕತೆಗೆ ಕೂತು 'ಕೊಡುವುದು ಬಿಡುವುದು' ಎಂದು ರಾಗ ಎಳೆಯುವ ಹಿರಿಯರನ್ನು ಒಮ್ಮೆ ಇದರ ಮುಂದೆ ನಿಲ್ಲಿಸಬೇಕು.

ಇನ್ನು ಕೊಲಾಬಾದ ಸಸೂನ್ ಡಾಕ್. 1875ರಲ್ಲಿ ಕಟ್ಟಿದ ಧಕ್ಕೆ. ಕರಾವಳಿಯವರಿಗೆ ಇದನ್ನು ವಿವರಿಸುವುದು ಬೇಡ. ಬೆಳಕು ಹರಿಯುವ ಮೊದಲೇ ಹರಾಜು, ಮಂಜುಗಡ್ಡೆ ಒಡೆಯುವ ಸದ್ದು, ಕಚ್ಚೆ ಸೀರೆಯ ಕೋಳಿ ಮೀನುಗಾರ ಸಮುದಾಯದ ಹೆಂಗಸರ ಬೈಗುಳ, ಸಾಲಾಗಿ ಕೂತು ಸಿಗಡಿ ಸುಲಿಯುವ ಕೈಗಳು. 2017ರ ನವೆಂಬರ್-ಡಿಸೆಂಬರ್‌ನಲ್ಲಿ 'ಸ್ಟಾರ್ಟ್ ಇಂಡಿಯಾ' ಸಂಸ್ಥೆಯವರು ಇಲ್ಲಿನ ಹಳೆಯ ಗೋದಾಮನ್ನು ಹಿಡಿದು ಕಲಾ ಉತ್ಸವ ಮಾಡಿದರು. ಧಕ್ಕೆಯ ಕೆಲಸ ಒಂದು ದಿನವೂ ನಿಲ್ಲಲಿಲ್ಲ. ಕಲೆ ನೋಡಲು ಬಂದವರು ಬಿಳಿ ಶೂಗಳನ್ನು ಮೀನಿನ ನೀರಿನಿಂದ ತಪ್ಪಿಸಿಕೊಳ್ಳುತ್ತ, ಕೈಗಾಡಿಯವರ ಕೂಗಿಗೆ ಬದಿಗೆ ಹಾರುತ್ತ ಒಳಗೆ ಹೋಗಬೇಕಾಯಿತು. ಮೂಗಿಗೆ ಕರವಸ್ತ್ರ ಹಿಡಿದೇ ಬಂದವರಿಗೂ ಕೊರತೆಯಿರಲಿಲ್ಲ.

ಒಳಗೆ ಸಿಂಗಪುರದ ತಾನ್ ಜಿ ಶಿ ಎಂಬಾಕೆ ಮಾಡಿದ 'ಪ್ಲಾಸ್ಟಿಕ್ ಓಷನ್' ಇತ್ತು. ಬಾಟಲಿ, ಡಬ್ಬಿ, ಮುಚ್ಚಳ, ಚೀಲ ಎಲ್ಲವನ್ನೂ ತಲೆಯ ಮೇಲೆ ಒತ್ತೊತ್ತಾಗಿ ತೂಗುಹಾಕಿದ್ದರು. ಕೆಳಗೆ ನಿಂತು ಕತ್ತೆತ್ತಿದರೆ ನೀವು ಸಮುದ್ರದ ತಳದಲ್ಲಿರುವ ಮೀನು. ಇದೇ ಕೃತಿಯನ್ನು ಮಾಲ್ ಒಂದರಲ್ಲಿಟ್ಟರೆ ಪರಿಸರ ದಿನಾಚರಣೆಯ ಅಲಂಕಾರವಾಗುತ್ತಿತ್ತು. ಇಲ್ಲಿ, ಬಲೆಯಲ್ಲಿ ಮೀನಿಗಿಂತ ಕಸವೇ ಹೆಚ್ಚು ಬರುತ್ತದೆಂದು ಗೊಣಗುವ ಜನರ ನಡುವೆ ಅದು ಸುದ್ದಿಯಾಗಿತ್ತು. ಹೊರಗೋಡೆಗೆ ಕಪ್ಪು-ಬಿಳುಪಿನ ದೈತ್ಯ ಭಾವಚಿತ್ರಗಳನ್ನು ಅಂಟಿಸಿದ್ದರು. ಫ್ರೆಂಚ್ ಕಲಾವಿದ ಜೆಆರ್ ಆರಂಭಿಸಿದ 'ಇನ್‌ಸೈಡ್ ಔಟ್' ಯೋಜನೆಯ ಫೋಟೊಗಳು. ಯಾರವು? ಆ ಧಕ್ಕೆಯಲ್ಲೇ ದುಡಿಯುವವರವು. ಸಿನಿಮಾ ತಾರೆಯರಿಗೆ ಮೀಸಲಾದ ಅಳತೆಯಲ್ಲಿ ಮೀನು ಮಾರುವವರ ಮುಖ ಮೇಲೇರಿತ್ತು, ಅದರ ಕೆಳಗೆ ಅದೇ ಜನ ಬುಟ್ಟಿ ಹೊತ್ತು ಓಡಾಡುತ್ತಿದ್ದರು. ಕಾಗದ ಮತ್ತು ಅಂಟಿನ ಕೆಲಸ, ಮುಂಬೈ ಮಳೆಗೆ ಎಲ್ಲಿ ತಡೆದೀತು! 2022ರ ಕೊನೆಯಲ್ಲಿ ಉತ್ಸವ ಮತ್ತೆ ಇದೇ ಧಕ್ಕೆಗೆ ಮರಳಿತು.

ಗೋಡೆಗಳ ಕಥೆ ಬೇರೆ. 2009ರ ಆಗಸ್ಟ್‌ನಲ್ಲಿ ತುಳಸಿ ಪೈಪ್ ರಸ್ತೆಯುದ್ದಕ್ಕೂ ರೈಲ್ವೆ ಗೋಡೆಗೆ ನೂರಾರು ಮಂದಿ, ಕಲಾವಿದರೂ ಹವ್ಯಾಸಿಗಳೂ ಸೇರಿ, ಬಣ್ಣ ಬಳಿದರು. ಪಾನ್ ಉಗುಳು ತಡೆಯಲು ದೇವರ ಟೈಲ್ಸ್ ಅಂಟಿಸುವ ಊರಿನಲ್ಲಿ ಇದೊಂದು ಹೊಸ ದಾರಿ. ರಂಜಿತ್ ದಹಿಯಾ ಬಾಲಿವುಡ್ಡನ್ನೇ ಗೋಡೆಗೆ ತಂದರು. ಹರಿಯಾಣದ ಹಳ್ಳಿಯಲ್ಲಿ ಸುಣ್ಣ ಹೊಡೆಯುತ್ತಿದ್ದವರು 2014ರಲ್ಲಿ ಬಾಂದ್ರಾದ ಎಂಟಿಎನ್ಎಲ್ ಕಟ್ಟಡದ ಮೇಲೆ ಸಂಗಡಿಗರ ಜೊತೆ ದಾದಾಸಾಹೇಬ್ ಫಾಲ್ಕೆಯನ್ನು ಬಿಡಿಸಿದರು. ಚೆನ್ನಾಗಿದೆ, ದೊಡ್ಡದಿದೆ. ಆದರೆ ಈಚಿನ ಎಷ್ಟೋ ಭಿತ್ತಿಚಿತ್ರಗಳಲ್ಲಿ ಗಾತ್ರವಷ್ಟೇ ಇದೆ, ತುಂಟತನವಿಲ್ಲ. ಬಣ್ಣದ ಕಂಪನಿಯ ದುಡ್ಡು, ಇಲಾಖೆಯ ಅನುಮತಿ, ಉದ್ಘಾಟನೆಗೆ ರಿಬ್ಬನ್ನು ಎಲ್ಲ ಸೇರಿದ ಮೇಲೆ ಗೋಡೆ ಯಾರನ್ನು ತಾನೆ ಕೆಣಕೀತು? ಕಾಳಾ ಘೋಡಾ ಪ್ರದೇಶದ ಕುದುರೆ ಪ್ರತಿಮೆಗೂ ಇದೇ ಮಾತು. ಏಳನೇ ಎಡ್ವರ್ಡ್ ಕೂತಿದ್ದ ಮೂಲ ಪ್ರತಿಮೆಯನ್ನು 1965ರಲ್ಲಿ ಬೈಕಲಾಕ್ಕೆ ಸಾಗಿಸಿದರು. ಅದೀಗ ಭಾವು ದಾಜಿ ಲಾಡ್ ಮ್ಯೂಸಿಯಂ ಪಕ್ಕದಲ್ಲಿದೆ. 2017ರಲ್ಲಿ ಕಾಳಾ ಘೋಡಾಕ್ಕೆ ಸವಾರನಿಲ್ಲದ ಹೊಸ ಕುದುರೆ ಬಂತು. ಜನ ಸೆಲ್ಫಿ ತೆಗೆದುಕೊಳ್ಳುತ್ತಾರೆ, ನನಗೆ ಸಪ್ಪೆ.

ಫೋಟೊಗ್ರಫಿಗೆ ಬಂದರೆ ಮತ್ತೆ ಕನ್ನಡದ ನೆಲದವರೇ. ಬೆಂಗಳೂರಿನ ಪುಷ್ಪಮಾಲಾ ಎನ್. ಬರೋಡಾದಲ್ಲಿ ಶಿಲ್ಪಕಲೆ ಕಲಿತವರು. 1996ರಿಂದ 98ರ ನಡುವೆ ಅವರು ಮುಂಬೈಯನ್ನೇ ಸೆಟ್ ಮಾಡಿಕೊಂಡು 'ಫ್ಯಾಂಟಮ್ ಲೇಡಿ ಅಥವಾ ಕಿಸ್ಮತ್' ಎಂಬ ಫೋಟೊ-ಕಥೆ ಕಟ್ಟಿದರು. ಕಪ್ಪು ಮುಖವಾಡ, ಗರಿಯ ಟೋಪಿ, ಬೀಸುವ ಮೇಲಂಗಿ, ಥೇಟ್ ಹಳೆಯ ಸಿನಿಮಾದ 'ಹಂಟರ್‌ವಾಲಿ' ನಾಡಿಯಾಳ ಮೊಮ್ಮಗಳು. ಕಳೆದುಹೋದ ಅವಳಿ ತಂಗಿಯನ್ನು ಭೂಗತ ಲೋಕದಲ್ಲಿ ಹುಡುಕುವ ನಾಯಕಿಯೂ ಅವರೇ, ದಾರಿ ತಪ್ಪಿದ ತಂಗಿಯೂ ಅವರೇ. ಕ್ಯಾಮೆರಾ ಹಿಡಿದವರು ಬೇರೆ. ಹಾಗಾದರೆ ಈ ಫೋಟೊ ಯಾರದು ಎಂಬ ತಕರಾರನ್ನು ಅವರು ನಗುನಗುತ್ತಲೇ ಎಬ್ಬಿಸಿಬಿಟ್ಟರು. ಒಂದೊಂದು ಚಿತ್ರವೂ ನೋಡಿರದ ಸಿನಿಮಾವೊಂದರ ಸ್ಟಿಲ್‌ನಂತೆ ಕಾಣುತ್ತದೆ, ನಡುವಿನ ದೃಶ್ಯಗಳನ್ನು ತುಂಬಿಕೊಳ್ಳುವ ಕೆಲಸ ನಮ್ಮದು. 2012ರಲ್ಲಿ ಫ್ಯಾಂಟಮ್ ಲೇಡಿ ಮರಳಿ ಬಂದಾಗ ಮುಂಬೈಯ ಖಳರೂ ಬದಲಾಗಿದ್ದರು. ಅವಳು ಈ ಸಲ ಎದುರಿಸಿದ್ದು ಭೂಮಾಫಿಯಾವನ್ನು.

ಇವರೆಲ್ಲರಿಗಿಂತ ಮೊದಲು ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಬಂದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಈ ನಗರದಲ್ಲಿ ಕಲಿತು, ಕಲಿಸಿ, 1996ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ಬಾಳಿದರು. ಅವರ ಕಾಲದಲ್ಲೇ, 1952ರಲ್ಲಿ, ಜಹಾಂಗೀರ್ ಆರ್ಟ್ ಗ್ಯಾಲರಿ ತೆರೆಯಿತು. ಅಲ್ಲಿ ಪ್ರದರ್ಶನಕ್ಕೆ ಸರದಿ ಸಿಗಲು ಇಂದಿಗೂ ವರ್ಷಗಟ್ಟಲೆ ಕಾಯಬೇಕು. ಕಾಯಲಾಗದವರು ಹೊರಗಿನ ಫುಟ್‌ಪಾತಿನಲ್ಲೇ ಚಿತ್ರಗಳನ್ನು ಒರಗಿಸಿಟ್ಟು ಕೂರುತ್ತಾರೆ. ಒಳಗೆ ಹೋಗುವ ಮೊದಲು ಅಲ್ಲೊಂದು ಸುತ್ತು ಹಾಕುವುದು ಒಳ್ಳೆಯದು.

ಹೋಗುವುದಾದರೆ ಜನವರಿಯ ಮುಂಬೈ ಗ್ಯಾಲರಿ ವೀಕೆಂಡ್ ನೋಡಿಕೊಂಡು ಹೋಗಿ. ಕಾಳಾ ಘೋಡಾ ಕಲಾ ಉತ್ಸವದಲ್ಲಿ ಕಲೆಗಿಂತ ಬೆನ್ನುಗಳೇ ಹೆಚ್ಚು ಕಾಣುತ್ತವೆ. ಕೊಲಾಬಾ, ಫೋರ್ಟ್‌ನ ಗ್ಯಾಲರಿಗಳು ಹಳೆಯ ಕಟ್ಟಡಗಳ ಮಹಡಿಗಳಲ್ಲಿ ಅಡಗಿ ಕೂತಿವೆ. ಬಾಗಿಲು ಮುಚ್ಚಿದಂತೆ ಕಂಡರೂ ತಳ್ಳಿ ಒಳಗೆ ಹೋಗಿ. ಟಿಕೆಟ್ಟಿಲ್ಲ, ಕೊಳ್ಳಲು ಬಂದಿರಾ ಎಂದು ಯಾರೂ ಕೇಳುವುದೂ ಇಲ್ಲ.