ಸ್ಥೂಲಕಾಯದ ಶಸ್ತ್ರಚಿಕಿತ್ಸೆಯೂ ದೇಹದ ಕೊಬ್ಬಿನ ಲೆಕ್ಕವೂ

ಚರಕಸಂಹಿತೆಯು ನಿಂದಿತವಾದ ಎಂಟು ಬಗೆಯ ದೇಹಗಳನ್ನು ಹೇಳುವಾಗ ಅತಿಕೃಶನೊಡನೆ ಅತಿಸ್ಥೂಲನನ್ನೂ ಎಣಿಸಿದೆ. ಆದರೂ ನಮ್ಮ ಸೀಮೆಯಲ್ಲಿ ಬಹುಕಾಲ ಮೈತುಂಬಿಕೊಂಡಿರುವುದು ಸುಖದ ಕುರುಹೆಂದೇ ಭಾವಿತವಾಗಿತ್ತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಸಿರುಗುಪ್ಪ, ಕುರುಗೋಡು ಭಾಗಗಳ ಜೋಳದ ಹೊಲಗಳೆಷ್ಟೋ ಭತ್ತದ ಗದ್ದೆಗಳಾದವು. ತಟ್ಟೆಯಲ್ಲಿ ರೊಟ್ಟಿಯ ಪಕ್ಕದಲ್ಲಿ ಅನ್ನ ಬೆಳೆಯಿತು. ಒಗ್ಗರಣೆ ಮಂಡಕ್ಕಿ, ಮಿರ್ಚಿಗಳು ಹಾಗೆಯೇ ಉಳಿದವು. ಮೈಮುರಿಯುವ ದುಡಿಮೆ ಮಾತ್ರ ಕಡಿಮೆಯಾಯಿತು.

ಉಂಡದ್ದರಲ್ಲಿ ವ್ಯಯವಾಗದೆ ಉಳಿದ ಶಕ್ತಿಯನ್ನು ದೇಹವು ಮೇದಸ್ಸಿನ ಕೋಶಗಳಲ್ಲಿ ಕೂಡಿಡುತ್ತದೆ. ಒಂದು ಗ್ರಾಂ ಕೊಬ್ಬಿನಲ್ಲಿ ಸುಮಾರು 9 ಕಿಲೋಕ್ಯಾಲರಿ ಶಕ್ತಿಯಿದೆ. ಈ ಉಗ್ರಾಣ ತುಂಬಿ ತುಳುಕಿದಾಗ ಕೊಬ್ಬು ಯಕೃತ್ತಿಗೂ ಸ್ನಾಯುಗಳಿಗೂ ಸೇರಿ ಇನ್ಸುಲಿನ್ನಿನ ಕಾರ್ಯವನ್ನು ತಡೆಯುತ್ತದೆ. ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳಿಗೆ ದಾರಿಯಾಗುತ್ತದೆ.

1961ರಲ್ಲಿ ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, ಅಂದರೆ ಮುಂದೆ ಕಂಟೋನ್ಮೆಂಟಿನ ವಿಮ್ಸ್ ಎಂದು ಹೆಸರಾದ ಸಂಸ್ಥೆ, ಆರಂಭವಾದಾಗ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಇನ್ನೂ ಶೈಶವದಲ್ಲಿತ್ತು. 1954ರಲ್ಲಿ ಅಮೆರಿಕದ ಮಿನ್ನೆಸೋಟದ ವೈದ್ಯರು ಸಣ್ಣ ಕರುಳಿನ ಬಹುಭಾಗವನ್ನು ಆಹಾರದ ದಾರಿಯಿಂದ ತಪ್ಪಿಸುವ ಕ್ರಮವನ್ನು ಪ್ರಕಟಿಸಿದ್ದರು. ಆ ಕ್ರಮದಿಂದ ತೂಕವೇನೋ ಇಳಿಯಿತು. ಆದರೆ ಯಕೃತ್ತು, ಮೂತ್ರಪಿಂಡಗಳು ಕೆಟ್ಟುದರಿಂದ ಅದನ್ನು ಕೈಬಿಡಬೇಕಾಯಿತು. 1966ರಲ್ಲಿ ಅಯೋವಾದ ಡಾ. ಎಡ್ವರ್ಡ್ ಮೇಸನ್ನರು ಜಠರದ ಕಡೆಗೆ ಗಮನ ತಿರುಗಿಸಿದರು. ಇಂದು ಮುಖ್ಯವಾಗಿ ಎರಡು ವಿಧಾನಗಳು ರೂಢಿಯಲ್ಲಿವೆ. ಒಂದರಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚನ್ನು ತೆಗೆದು ಕೊಳವೆಯಾಕಾರ ಮಾಡುತ್ತಾರೆ. ಇನ್ನೊಂದರಲ್ಲಿ ಜಠರದ ಮೇಲ್ತುದಿಯನ್ನು ಕಿರುಚೀಲವಾಗಿಸಿ ಸಣ್ಣ ಕರುಳಿಗೆ ಜೋಡಿಸುತ್ತಾರೆ.

ಚೀಲ ಕಿರಿದಾದುದರಿಂದಲೇ ತೂಕ ಇಳಿಯುವುದೆಂಬ ತಿಳಿವಳಿಕೆ ಅಪೂರ್ಣ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದರು. ಅದು ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಮೊದಲನೆಯ ವಿಧಾನದಲ್ಲಿ ಆ ಭಾಗವೇ ಹೋಗುತ್ತದೆ. ಆಹಾರವು ಬೇಗನೆ ಕೆಳಗರುಳನ್ನು ಮುಟ್ಟುವುದರಿಂದ ತೃಪ್ತಿ ಕೊಡುವ ಹಾರ್ಮೋನುಗಳು ಏರುತ್ತವೆ. ಊಟ ತಗ್ಗಿದೊಡನೆ ಇನ್ಸುಲಿನ್ ಇಳಿದು, ಕೂಡಿಟ್ಟ ಕೊಬ್ಬು ಮೇದಾಮ್ಲಗಳಾಗಿ ಒಡೆದು ಉರುವಲಾಗುತ್ತದೆ. ಯಕೃತ್ತಿನ ಕೊಬ್ಬು ಮೊದಲೇ ಕರಗತೊಡಗುವುದರಿಂದ, ತೂಕ ಹೆಚ್ಚು ಇಳಿಯುವ ಮುನ್ನವೇ ಅನೇಕರ ರಕ್ತದ ಸಕ್ಕರೆ ಹತೋಟಿಗೆ ಬರುತ್ತದೆ.

ಕೊಲೆಸ್ಟರಾಲಿನ ಕಥೆ ಬೇರೆ. ಯಕೃತ್ತು ಅದರಿಂದ ಪಿತ್ತಾಮ್ಲಗಳನ್ನು ತಯಾರಿಸುತ್ತದೆ. ಕೆಳಗರುಳು ಅವನ್ನು ಹೀರಿ ಹಿಂದಿರುಗಿಸುತ್ತದೆ. ಆ ಭಾಗವನ್ನು ತಪ್ಪಿಸಿದರೆ ಪಿತ್ತಾಮ್ಲ ನಷ್ಟವಾಗಿ, ಅದನ್ನು ತುಂಬಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನೇ ಸೆಳೆಯುತ್ತದೆ. ಈ ತತ್ತ್ವವನ್ನು ಅವಲಂಬಿಸಿ ಮಿನ್ನೆಸೋಟದ ಡಾ. ಹೆನ್ರಿ ಬುಕ್ವಾಲ್ಡ್‌ರು ಹೃದಯಾಘಾತದಿಂದ ಬದುಕುಳಿದ 838 ಮಂದಿಯಲ್ಲಿ ನಡೆಸಿದ ಅಧ್ಯಯನದ ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಕೆಟ್ಟ ಕೊಲೆಸ್ಟರಾಲು, ಪಡೆಯದವರಿಗಿಂತ ಮೂರನೆಯ ಒಂದು ಪಾಲಿಗೂ ಹೆಚ್ಚು ಕಡಿಮೆಯಿತ್ತು.

ಆದರೆ ಲಾಭದೊಡನೆ ಹೊಣೆಯೂ ಇದೆ. ಕೊಬ್ಬಿನ ಕೋಶಗಳು ಕುಗ್ಗುತ್ತವೆಯೇ ಹೊರತು ಅವುಗಳ ಸಂಖ್ಯೆ ತಗ್ಗುವುದಿಲ್ಲ; ಹಳೆಯ ಊಟ ಮರಳಿದರೆ ಹಳೆಯ ತೂಕವೂ ಮರಳಬಹುದು. ವೇಗವಾಗಿ ಕೃಶರಾದವರಲ್ಲಿ ಪಿತ್ತಕೋಶದ ಕಲ್ಲುಗಳುಂಟಾಗುವ ಸಂಭವವಿದೆ. ಕಬ್ಬಿಣ, ಸುಣ್ಣ, ಬಿ12 ಮತ್ತು ಡಿ ಜೀವಸತ್ತ್ವಗಳ ಕೊರತೆ ತಲೆದೋರುತ್ತದೆ. ಬಿ12 ಮೊದಲೇ ವಿರಳವಾಗಿರುವ ಸಸ್ಯಾಹಾರಿಗಳು ವಿಶೇಷ ಎಚ್ಚರ ವಹಿಸಬೇಕು. ಔಷಧವೂ ವರ್ಷವರ್ಷದ ರಕ್ತಪರೀಕ್ಷೆಯೂ ಜೀವನಪರ್ಯಂತ ಬೇಕು.

ಯಾರಿಗೆ ಈ ಚಿಕಿತ್ಸೆ? ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದಾಗ 35ನ್ನು ಮೀರುವವರಿಗೆ ಇದನ್ನು ಸಲಹೆ ಮಾಡಬಹುದೆಂದು 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಏಷ್ಯಾದವರು ಕಡಿಮೆ ತೂಕದಲ್ಲೇ ರೋಗಕ್ಕೀಡಾಗುವುದರಿಂದ ಅವರಿಗೆ 27.5ರಿಂದಲೇ ಪರಿಶೀಲಿಸಬಹುದೆನ್ನುತ್ತದೆ.

ಸ್ಥೂಲತೆ ಕೇವಲ ಸೋಮಾರಿತನದ ಫಲವಲ್ಲ, ಹಾರ್ಮೋನುಗಳ ಆಳ್ವಿಕೆಯೂ ಅದರಲ್ಲಿದೆಯೆಂಬುದು ಈ ಚಿಕಿತ್ಸೆ ಕಲಿಸಿದ ದೊಡ್ಡ ಪಾಠ. ತರಗತಿಯ ದಪ್ಪ ಬಾಲಕನನ್ನು ಗೇಲಿ ಮಾಡುವವರನ್ನು ತಡೆಯುವ ಅಧ್ಯಾಪಕರಿಗೆ ಈ ತಿಳಿವು ಬಲವಾದೀತು. ಬಡ ರೋಗಿಯ ಶಸ್ತ್ರಚಿಕಿತ್ಸೆಗೆ ನೆರವಾಗುವ ದಾನಿಗಳೂ ಆಸ್ಪತ್ರೆಯ ಒಂದು ದಿನದ ವೆಚ್ಚವನ್ನಷ್ಟೇ ಎಣಿಸದೆ, ಮುಂದಿನ ವರ್ಷಗಳ ಔಷಧ, ಪರೀಕ್ಷೆಗಳನ್ನೂ ಲೆಕ್ಕಕ್ಕೆ ಹಿಡಿದರೆ ಆ ದಾನ ಪೂರ್ಣವಾದೀತು.